ಬುಧವಾರದ ಉಪ್ಪಿಲ್ಲದ ಮೊಟ್ಟೆ

ಬೇಯಿಸಿದ ಮೊಟ್ಟೆಗೆ ಉಪ್ಪು ಹಾಕಬೇಕೇ ಬೇಡವೇ ಎಂಬ ಗಹನವಾದ ಪ್ರಶ್ನೆಯನ್ನು ಕೋಳಿ ಆಹಾರ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷಗಳ ಹಿಂದೆಯೇ ಇತ್ಯರ್ಥಪಡಿಸಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ಪ್ರಾಧ್ಯಾಪಕರು. ಹಾಕಬಾರದು. ಕೋಳಿ ತಿಂದ ಎಣ್ಣೆ ಮೊಟ್ಟೆಯ ಹಳದಿಯಲ್ಲಿ ಏನಾಗಿ ಇಳಿಯುತ್ತದೆ ಎಂಬುದನ್ನೇ ಜೀವಮಾನದ ಕೆಲಸವಾಗಿಸಿಕೊಂಡ ಅವರು ಎಲ್ಲರ ಬಾಯಲ್ಲಿ ಮೊಟ್ಟೆ ಮೇಷ್ಟ್ರು. ಅಳೆಯುವ ಯಂತ್ರಗಳು ಬಂದ ಮೇಲೂ ಪ್ರತಿ ಬುಧವಾರ ಪ್ರಯೋಗದ ಕೋಳಿಗಳ ಗುಂಪಿಗೊಂದರಂತೆ ಮೊಟ್ಟೆ ಬೇಯಿಸಿ, ಉಪ್ಪು ಸೋಕಿಸದೆ, ಕಣ್ಣು ಮುಚ್ಚಿ ತಿನ್ನುವ ಪದ್ಧತಿಯನ್ನು ಅವರು ಬಿಡಲಿಲ್ಲ.

ಅದರ ಬಿಸಿ ತಟ್ಟಿದ್ದು ಅವರ ಕಡೆಯ ಸಂಶೋಧನಾ ವಿದ್ಯಾರ್ಥಿನಿಗೆ. ಅವಳ ಪ್ರಬಂಧವೆಲ್ಲ ಅಗಸೆ ಎಣ್ಣೆ ತಿಂದ ಕೋಳಿಗಳನ್ನು ನಂಬಿ ನಿಂತಿತ್ತು; ಹೋಲಿಕೆಗೆಂದು ಮೀನೆಣ್ಣೆ ತಿನ್ನುವ ಇನ್ನೊಂದು ಗುಂಪಿತ್ತು. ಮೇಷ್ಟ್ರು ಮಂಡಿಯ ಶಸ್ತ್ರಚಿಕಿತ್ಸೆಗೆಂದು ರಜೆಯಲ್ಲಿದ್ದ ಹನ್ನೆರಡು ವಾರ ವಿಭಾಗದವರು ಪ್ರಯೋಗದ ಮೊಟ್ಟೆಗಳನ್ನು ನಿಷ್ಠೆಯಿಂದಲೇ ತಿಂದರು, ಉಪ್ಪು ಮೆಣಸು ಉದುರಿಸಿಕೊಂಡು. ಕೊನೆಗೆ ಫಲಿತಾಂಶ ಬಂತು: ಮೀನೆಣ್ಣೆಯಲ್ಲಿ ಧಾರಾಳವಾಗಿರುವ ಬಗೆಯ ಒಮೆಗಾ-3 ಕೊಬ್ಬು ಅಗಸೆ ಗುಂಪಿನ ಮೊಟ್ಟೆಗಳಲ್ಲೂ ಯಾರೂ ಎಣಿಸದಷ್ಟು ಸಿಕ್ಕಿತ್ತು. ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸಮ್ಮೇಳನಕ್ಕೆ ಸಾರಾಂಶವೂ ಹೋಯಿತು. ಪ್ರಬಂಧ ಸಲ್ಲಿಸಲು ಎರಡೇ ತಿಂಗಳು ಉಳಿದಿತ್ತು.

ಮೇಷ್ಟ್ರು ಕೋಲೂರಿಕೊಂಡು ಮರಳಿದ ಮೊದಲ ಬುಧವಾರ ಒಂದು ತುತ್ತು ಬಾಯಿಗಿಟ್ಟು ಕಣ್ಣು ಬಿಟ್ಟರು.

"ಏನಮ್ಮಾ, ಈ ಕೋಳಿ ಎಲ್ಲಿಗೆ ಈಜೋಕೆ ಹೋಗಿತ್ತು?"

"ಸರ್, ಅದು ಅಗಸೆ ಗುಂಪಿಂದು."

"ಆಪರೇಷನ್ ಆಗಿರೋದು ಮಂಡಿಗೆ, ನಾಲಿಗೆಗಲ್ಲ."

ಅವಳು ಕೋಳಿಗಳ ಆಹಾರ ಬೆರೆಸುವವನ ಬಳಿಗೆ ಓಡಿದಳು. "ಅಣ್ಣಾ, ಮೊದಲು ಯಾವುದು ಬೆರೆಸ್ತೀರಿ?"

"ಮೀನೆಣ್ಣೇದು ಮೊದಲು ಮುಗಿಸಿಬಿಡ್ತೀನಿ ಕಣಮ್ಮ, ಆ ವಾಸನೆ ಯಾರು ತಡ್ಕೋತಾರೆ? ಆಮೇಲೆ ಅದೇ ಡ್ರಮ್ಮಲ್ಲಿ ಅಗಸೆ."

"ನಡುವೆ ತೊಳೆಯಲ್ವಾ?"

"ಒರೆಸ್ತೀನಲ್ಲ!"

ವಾಪಸು ಬಂದವಳು ಮೇಷ್ಟ್ರಿಗೆ ಡ್ರಮ್ಮಿನ ಕತೆಯನ್ನೆಲ್ಲ ಹೇಳಿದಳು. "ಹನ್ನೆರಡು ವಾರ ಮಣ್ಣುಪಾಲು ಮಾಡೋದಾ ಸರ್? ಯಾರಿಗೆ ಗೊತ್ತಾಗುತ್ತೆ?"

"ಆಗಲೇ ಇಬ್ಬರಿಗೆ ಗೊತ್ತಾಗಿದೆಯಲ್ಲಮ್ಮಾ."

ಅಂದು ಸಂಜೆಯೊಳಗೆ ಮೇಷ್ಟ್ರು ಸಾರಾಂಶವನ್ನು ಹಿಂಪಡೆಯುವ ಪತ್ರ ಬರೆದು, ಬೆರೆಸುವ ಕ್ರಮವನ್ನು ಲಿಖಿತವಾಗಿ ತಿಳಿಸದಿದ್ದದ್ದು ತಮ್ಮದೇ ತಪ್ಪೆಂದು ಸಹಿ ಹಾಕಿದರು. ಅದೇ ಕಾರಣ ಕೊಟ್ಟು ಅವಳಿಗೆ ಆರು ತಿಂಗಳ ಹೆಚ್ಚುವರಿ ಅವಧಿಯನ್ನೂ ಕೇಳಿ ಪಡೆದರು. ಬೆರೆಸುವವನಿಗೆ ಒಂದು ಮಾತೂ ಅನ್ನಲಿಲ್ಲ. ಮುಂದಿನ ಹನ್ನೆರಡು ವಾರ, ಆಹಾರ ಬೆರೆಸುವ ದಿನಗಳಲ್ಲೆಲ್ಲ ಬೋರಲು ಹಾಕಿದ ಬಕೆಟ್ಟಿನ ಮೇಲೆ ನೋಯುವ ಕಾಲು ನೀಡಿ ಕುಳಿತು, ಮೀನೆಣ್ಣೆ ಕಡೆಯದಾಗಿ ಡ್ರಮ್ಮು ಸೇರುವುದನ್ನು ಕಣ್ಣಾರೆ ಕಂಡೇ ಎದ್ದರು.

ಅವರು ನೂರ್ಕಾಲ ಸುಖವಾಗಿರಲಿ, ಬುಧವಾರಗಳಂದು ವಿಭಾಗದ ಕಡೆ ಬರುತ್ತಲೇ ಇರಲಿ. ಅವರ ತಟ್ಟೆಯ ಹತ್ತಿರಕ್ಕೆ ಉಪ್ಪಿನ ಡಬ್ಬಿ ಸುಳಿಯದಂತೆ ನೋಡಿಕೊಳ್ಳುವ ಹೊಣೆ ವಿಭಾಗದ್ದು.

ಎರಡನೆಯ ಪ್ರಯೋಗದಲ್ಲಿ ಅಗಸೆ ಗುಂಪಿನ ಅಂಕಿ ಮೊದಲಿನದರ ಅರ್ಧಕ್ಕಿಂತ ಕಡಿಮೆ ಬಂತು. ಅದನ್ನೇ ಬರೆದು ಅವಳು ಪದವಿ ಪಡೆದಳು.