ಹದಿನಾಲ್ಕು ವರ್ಷದ ಹೊಸ ಆಳು

ತಂಗಮ್ಮ ಎಂದರೆ ನಮ್ಮ ಕಡೆ ಯಾರೋ ಕೊಡವರ ಹೆಂಗಸು ಎಂದುಕೊಳ್ಳುತ್ತಾರೆ. ಇವಳು ತಮಿಳಿನವಳು. ಹುಟ್ಟಿದ್ದು ಸಿಲೋನಿನ ಒಂದು ಟೀ ತೋಟದ ಕೂಲಿ ಲೈನಿನಲ್ಲಿ, ಆಳುಗಳ ಸಾಲುಮನೆಯಲ್ಲಿ. ಈಗ ಇರುವುದು ಸೋಮವಾರಪೇಟೆಯಿಂದ ನಾಲ್ಕು ಮೈಲಿ ಆಚೆ, ಮೊಣ್ಣಪ್ಪ ಸಾಹುಕಾರರ ಕಾಫಿ ಎಸ್ಟೇಟಿನ ಲೈನಿನಲ್ಲಿ. ನಮ್ಮ ಮನೆಯವರು ಮಲ್ಲಪ್ಪ, ಅಲ್ಲಿ ರೈಟರು, ಲೆಕ್ಕ-ಹಾಜರಿ ಬರೆಯುವವರು.

ತಾಯಿಯಿಲ್ಲದ ನನಗೆ ಬಾಣಂತನ ಮಾಡಿದವಳು ತಂಗಮ್ಮ. ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಮೊದಲು ತನ್ನ ಮುಂಗೈ ಮೇಲೆ ನೀರು ಹುಯ್ದು ಬಿಸಿ ನೋಡುವಳು. ಕೂಸು ಎಷ್ಟೇ ಕಿರುಚಿದರೂ ಅವಳ ಕೈಗೆ ಅವಸರವಿಲ್ಲ. "ಕೂಗು ಕಣ್ಣು, ಕೂಗು. ರೈಟ್ರ ಮಗ ಅಲ್ವಾ, ನಾಳೆ ನಮ್ಮ ಮೇಲೆ ಕೂಗೋಕೆ ಈಗ್ಲಿಂದ್ಲೇ ಅಭ್ಯಾಸ ಆಗ್ಲಿ" ಎನ್ನುವಳು. ಮುದ್ದಿಗೆ ಕಣ್ಣು ಎಂದು ಕರೆಯುವುದು ಅವಳ ತಮಿಳು. ಮೂರು ತಿಂಗಳಾದ ಮೇಲೂ ಪ್ರತಿ ಭಾನುವಾರ ಎಣ್ಣೆ ನೀರಿಗೆ ಅವಳೇ ಬರುತ್ತಿದ್ದಳು.

ತನ್ನ ಕತೆಯನ್ನು ಅವಳು ಹೇಳಿದ್ದು ಆ ಬಚ್ಚಲಲ್ಲೇ, ಒಂದೊಂದು ದಿನ ಒಂದೊಂದು ತುಂಡು. ಸಾವಿರದ ಒಂಬೈನೂರ ನಲವತ್ತಾರರಲ್ಲಿ ಗಂಡನ ಜೊತೆ ಹಡಗು ಹತ್ತಿದಾಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಕೊಡಗಿನಲ್ಲಿ ಒಂದು ಕಾಫಿ ಕೊಯ್ಲು ಮುಗಿಸಿ ವಾಪಸು ಹೋಗುವುದೆಂದು ನಾಲ್ಕು ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದರು. ಆಗ ರಾಮೇಶ್ವರದ ಹತ್ತಿರ ಮಂಡಪಂ ಕ್ಯಾಂಪಿನಲ್ಲಿ ಸೂಜಿ ಹಾಕಿಸಿಕೊಂಡರೆ ಆಯಿತು, ಆಚೆಗೂ ಈಚೆಗೂ ಓಡಾಡಬಹುದಿತ್ತು. ಕೈಯಲ್ಲಿ ಕಾಸು ಉಳಿಯದೆ ಇನ್ನೊಂದು ಕೊಯ್ಲಿಗೆ ನಿಂತರು. ಎರಡನೆಯ ವರ್ಷ ಗಂಡ ನೆರಳಿನ ಮರದ ಕೊಂಬೆ ಕಡಿಯುವಾಗ ಬಿದ್ದು ಸತ್ತ. ಅವಳು ಎದ್ದು ಹೊರಡುವಷ್ಟರಲ್ಲಿ ಸಿಲೋನು ಬೇರೆ ದೇಶ. ವೀಸಾ ಇಲ್ಲದೆ ಕಾಲಿಡುವಂತಿಲ್ಲ ಎಂದರು.

ಹೋದ ವರ್ಷ, ಅಂದರೆ ಅರವತ್ತರ ಶ್ರಾವಣದಲ್ಲಿ, ಅವಳ ಮಗಳಿಂದ ಕಾಗದ ಬಂತು. ಮಗಳು ಚೊಚ್ಚಲ ಬಸುರಿ, ಹೆರಿಗೆ ಧನುರ್ಮಾಸಕ್ಕೆ. ಸಿಲೋನಿಗೆ ಮಾತ್ರ ನಡೆಯುವ ಒಂದು ಪಾಸ್‌ಪೋರ್ಟನ್ನು ತಂಗಮ್ಮ ಎರಡು ವರ್ಷ ಮಡಿಕೇರಿಗೆ ಅಲೆದು ಮಾಡಿಸಿಟ್ಟಿದ್ದಳು. ಉಳಿದದ್ದು ವೀಸಾ. ಮದ್ರಾಸಿನಿಂದ ಒಂದೇ ಒಂದು ಫಾರಂ ತರಿಸಿ ನನ್ನ ಮುಂದಿಟ್ಟಳು. ನಾನು ಎಸ್.ಎಸ್.ಎಲ್.ಸಿ. ಓದಿದವಳು.

"ರಾಜ್ಯ" ಎಂಬಲ್ಲಿ ಅಭ್ಯಾಸಬಲದಿಂದ ಕೂರ್ಗ್ ಎಂದು ಬರೆದು, ಹೊಡೆದುಹಾಕಿ, ಮೈಸೂರು ಎಂದು ಬರೆದೆ. ಯಾಕೆಂದು ಕೇಳಿದಳು. ಕೊಡಗು ಮೈಸೂರಿಗೆ ಸೇರಿ ನಾಲ್ಕು ವರ್ಷವಾಯಿತೆಂದೆ.

"ನಾನು ಕೂತಲ್ಲೇ ಕೂತಿದೀನಿ ರೈಟ್ರಮ್ಮ. ಎಸ್ಟೇಟೇ ಬೇರೆ ರಾಜ್ಯಕ್ಕೆ ಹೋಯ್ತು. ಅದಕ್ಕೆ ವೀಸಾ ಕೇಳ್ಲಿಲ್ವಾ?"

ಹುಟ್ಟಿದ ಸ್ಥಳ ಬರೆದೆ. ಅದರ ಕೆಳಗೇ, ಸಿಲೋನಿಗೆ ಬರುವ ಉದ್ದೇಶವೇನು ಎಂದಿತ್ತು. ಎಷ್ಟು ದಿನ ಎಂದು ಕೇಳಿದೆ.

"ನಲವತ್ತು ಹಾಕಿ. ಬಾಣಂತನ ಅಲ್ವಾ."

"ಮೂವತ್ತರ ಮೇಲೆ ಕೊಡೋದಿಲ್ಲ ಅಂತ ಇಲ್ಲೇ ಅಚ್ಚು ಹಾಕಿದಾರೆ."

"ಹಾಗಾದ್ರೆ ಮೂವತ್ತು. ಉಳಿದ ಹತ್ತು ದಿನ ಬೀಗಿತ್ತಿ ನೀರು ಹುಯ್ಯಲಿ. ಅವಳಿಗೂ ದೇವರು ಕೈ ಕೊಟ್ಟಿದಾನೆ."

ಈಗಿನ ಕೆಲಸ ಎಷ್ಟು ವರ್ಷದಿಂದ ಎಂಬಲ್ಲಿ ಹದಿನಾಲ್ಕು ಎಂದು ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು. ಇದರ ಜೊತೆಗೆ ಎಸ್ಟೇಟಿನಿಂದ ಒಂದು ಸರ್ಟಿಫಿಕೇಟು ಬೇಕಿತ್ತು. ಇವಳಿಗೆ ಇಲ್ಲಿ ನೆಲೆಯಾದ ಕೆಲಸವಿದೆ, ಇರಲು ಮನೆಯಿದೆ, ತಿಂಗಳಾದ ಮೇಲೆ ತಪ್ಪದೆ ವಾಪಸು ಬರುತ್ತಾಳೆ ಎಂದು ಮದ್ರಾಸಿನ ವೀಸಾ ಕಚೇರಿಗೆ ನಂಬಿಕೆ ಬರಬೇಕು.

ಎರಡು ದಿನ ಬಿಟ್ಟು ಇವರು ಸಾಹುಕಾರರ ರುಜು ಹಾಕಿಸಿ ಸರ್ಟಿಫಿಕೇಟು ತಂದರು. ನಾನು ಓದಿದೆ. ತಂಗಮ್ಮ, ತಾತ್ಕಾಲಿಕ ಕೂಲಿಯಾಳು, ಇದೇ ಜೂನ್ ಆರನೇ ತಾರೀಖಿನಿಂದ.

ನಮ್ಮ ಎಸ್ಟೇಟಿನಲ್ಲಿ ಇದೊಂದು ಕ್ರಮ. ಪ್ರತಿ ವರ್ಷ ಮೇ ಕೊನೆಯಲ್ಲಿ ಲೈನಿನ ಅರವತ್ತು ಜನರ ಹೆಸರನ್ನೂ ಚೆಕ್‌ರೋಲಿನಿಂದ, ಅಂದರೆ ಹಾಜರಿ ಪುಸ್ತಕದಿಂದ, ಹೊಡೆದುಹಾಕುತ್ತಾರೆ. ಹತ್ತು ದಿನ ಅವರು ಯಾರೂ ಅಲ್ಲ. ಜೂನ್ ಆರಕ್ಕೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಇವರು ಒಬ್ಬೊಬ್ಬರನ್ನೇ ಹೊಸ ಆಳಿನಂತೆ ಹೆಸರು, ಊರು ಕೇಳಿ ಬರೆದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಯಾರೂ ಖಾಯಂ ಆಗುವುದಿಲ್ಲ. "ಎಲ್ಲಿಂದ ಬಂದೆ?" ಎಂದರೆ ತಂಗಮ್ಮ ಪ್ರತಿ ಸಲ, "ಅಕೋ, ಆ ಲೈನಿಂದ ಸ್ವಾಮಿ, ದಾರೀಲಿ ಬಹಳ ಸುಸ್ತಾಯ್ತು" ಎನ್ನುವಳು. ಇಡೀ ಸಾಲು ನಗುತ್ತಿತ್ತು. ಇವರೂ ನಗುತ್ತಿದ್ದರು.

"ಇದೇನ್ರೀ ಹೀಗೆ ಬರ್ದಿದೀರಾ? ಎರಡು ತಿಂಗಳ ಆಳಿಗೆ ಯಾರು ವೀಸಾ ಕೊಡ್ತಾರೆ?"

"ಪುಸ್ತಕದಲ್ಲಿ ಇರೋದು ಬರ್ದಿದೀನಿ."

"ಹದಿನಾಲ್ಕು ವರ್ಷದ ಪುಸ್ತಕಾನೂ ನಿಮ್ಮ ಹತ್ರಾನೇ ಇದಾವಲ್ಲ."

"ಹದಿನಾಲ್ಕು ಅಂತ ಬರೆದ್ರೆ ಸಾಹುಕಾರ್ರು ರುಜು ಹಾಕ್ತಾರಾ? ಆ ಕಾಗದ ನಾಳೆ ಲೇಬರ್ ಇನ್‌ಸ್ಪೆಕ್ಟರ್ ಕೈಗೆ ಸಿಕ್ರೆ ಅರವತ್ತು ಜನಾನೂ ಖಾಯಂ ಮಾಡ್ಬೇಕು. ಮೊದ್ಲು ಹೊರಗೆ ಹೋಗೋನು ನಾನು. ಈ ಕ್ವಾರ್ಟರ್ಸ್ ಬಿಟ್ಟು ಕೂಸು ಎತ್ಕೊಂಡು ಎಲ್ಲಿಗೆ ಹೋಗ್ತೀಯ, ಹೇಳು."

ತೊಟ್ಟಿಲಲ್ಲಿ ಕೂಸು ಮಲಗಿತ್ತು. ಅಂಗಳದ ತಂತಿಯ ಮೇಲೆ ಅದರ ಬಟ್ಟೆ ಒಣಗುತ್ತಿತ್ತು. ಫಾರಮ್ಮಿನಲ್ಲಿ ನನ್ನ ಕೈಬರಹದ ಹದಿನಾಲ್ಕು, ಸರ್ಟಿಫಿಕೇಟಿನಲ್ಲಿ ಇವರ ಕೈಬರಹದ ಜೂನ್ ಆರು. ಎರಡನ್ನೂ ಒಂದೇ ಲಕೋಟೆಗೆ ಹಾಕಿ, ಅನ್ನದಗುಳು ಹಚ್ಚಿ ಅಂಟಿಸಿದೆ. ಅಂಚೆಗೆ ಹಾಕಲು ಬಂದ ತಂಗಮ್ಮ ಅದನ್ನು ಸೆರಗಲ್ಲಿ ಒರೆಸಿಕೊಂಡು, "ಎಲ್ಲಾ ಸರಿಯಾಗಿದೆ ಅಲ್ವಾ?" ಎಂದಳು.

"ಸರಿಯಾಗಿದೆ" ಎಂದೆ.

ಆವತ್ತೇ ಕೂಸಿಗೆ ಗಿಡ್ಡವಾದ ಅಂಗಿ, ಕುಲಾವಿ, ಹಳೆ ಸೀರೆಯ ಮೆತ್ತನೆ ತುಂಡು ಎಲ್ಲ ಕಟ್ಟಿ ಕೊಟ್ಟೆ. ಅವಳು ಒಂದೊಂದನ್ನೂ ಬಿಡಿಸಿ ಮೂಸಿ ನೋಡಿ ಮತ್ತೆ ಮಡಿಸಿದಳು. ಮುಂದಿನ ಭಾನುವಾರಗಳೆಲ್ಲ ಅದೇ ಮಾತು: ಅಲ್ಲಿ ಓಮ ಸಿಗುತ್ತದೋ ಇಲ್ಲವೋ, ಒಣಶುಂಠಿ ಇಲ್ಲಿಂದಲೇ ಒಯ್ಯಬೇಕು, ಹದಿನಾಲ್ಕು ವರ್ಷದ ಮೇಲೆ ಮಗಳು ಗುರುತು ಹಿಡಿಯುತ್ತಾಳೋ ಇಲ್ಲವೋ. ನಾನು ಹ್ಞೂಂಗುಟ್ಟುತ್ತಿದ್ದೆ.

ಉತ್ತರ ನನ್ನ ಕೈಗೆ ಬಂದದ್ದು ನವೆಂಬರಿನ ಒಂದು ಭಾನುವಾರ. ತಂಗಮ್ಮ ಪಿಕಿಂಗ್ ಮುಗಿಸಿ, ಕಾಫಿ ಹಣ್ಣಿನ ಅಂಟು ಕೈಯಲ್ಲೇ ಲಕೋಟೆ ಹಿಡಿದು ಬಂದಳು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ನಾನು ಏನು ಬೇಕಾದರೂ ಓದಿ ಹೇಳಬಹುದಿತ್ತು.

"ಕೊಡೋದಿಲ್ವಂತೆ ತಂಗಮ್ಮ."

"ಯಾಕಂತೆ?"

"ನೀನು ಹದಿನಾಲ್ಕು ವರ್ಷ ಅಂದಿದೀಯ. ಎಸ್ಟೇಟಿನವರು ಜೂನಿಂದ ಅಂದಿದಾರೆ. ಸುಳ್ಳು ಹೇಳಿ ವೀಸಾ ಕೇಳಿದಾಳೆ, ನೆಲೆ ಇಲ್ಲದೋಳು, ಬಂದ್ರೆ ವಾಪಸು ಹೋಗೋ ನಂಬಿಕೆ ಇಲ್ಲ ಅಂತ."

ಅವಳು ಕಾಗದ ವಾಪಸು ತೆಗೆದುಕೊಂಡಳು. "ಆ ಲಕೋಟೆ ಅಂಟಿಸಿದ್ದು ನೀವಲ್ವಾ?"

"ಹೌದು."

"ಓದಿ ಅಂಟಿಸಿದ್ರಾ, ಓದದೇನಾ?"

"ಓದಿದ್ದೆ."

ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ನಾನೂ ಇವರ ಕೆಲಸ, ಈ ಮನೆ, ಕೂಸು ಎಂದು ನನ್ನ ಕಾರಣಗಳನ್ನೆಲ್ಲ ಹೇಳುತ್ತಿದ್ದೆನೇನೋ. ಅವಳು ತೊಟ್ಟಿಲ ಕಡೆ ನೋಡಿ, "ನೀರು ಕಾದಿದೆಯಾ?" ಎಂದಳು. ಅಂಟು ಹೋಗುವವರೆಗೆ ಬೂದಿಯಲ್ಲಿ ಕೈ ಉಜ್ಜಿ ತೊಳೆದುಕೊಂಡು, ಎಂದಿನಂತೆ ಕೂಸಿಗೆ ಎಣ್ಣೆ ತಿಕ್ಕಿ, ಮುಂಗೈ ಮೇಲೆ ಬಿಸಿ ನೋಡಿ ನೀರು ಹುಯ್ದಳು. ಕೂಸು ಅಳುತ್ತಿತ್ತು. ಕಣ್ಣು ಎಂದು ಒಂದು ಸಲವೂ ಕರೆಯಲಿಲ್ಲ. ಒರೆಸಿ ನನ್ನ ಕೈಗೆ ಕೊಟ್ಟು ಹೋದಳು. ಮುಂದಿನ ಭಾನುವಾರ ಬರಲಿಲ್ಲ, ಆಮೇಲೂ ಬರಲಿಲ್ಲ. ನಾನು ಕೊಟ್ಟ ಗಂಟು ಒಂದು ಬೆಳಗ್ಗೆ ನಮ್ಮ ಜಗಲಿಯ ಮೇಲಿತ್ತು, ಅವಳು ಮಡಿಸಿದ ಹಾಗೆಯೇ.

ಮಗಳಿಗೆ ಹೆಣ್ಣು ಹುಟ್ಟಿತಂತೆ. ಅದೂ ಲೈನಿನ ಬೇರೆ ಹೆಂಗಸರಿಂದ ಗೊತ್ತಾಯಿತು. ನಲವತ್ತು ದಿನವೂ ಬೀಗಿತ್ತಿಯೇ ನೀರು ಹುಯ್ದಳಂತೆ.

ಈ ವರ್ಷ ಜೂನ್ ಆರಕ್ಕೆ ಮತ್ತೆ ಸಾಲು ನಿಂತಿತು. ನಮ್ಮ ಜಗಲಿಗೆ ಎಲ್ಲ ಕೇಳಿಸುತ್ತದೆ. ಕೂಸು ಈಗ ಕಂಬ ಹಿಡಿದು ನಿಲ್ಲುತ್ತಾನೆ. ಸಾಲಿನಲ್ಲಿ ತಂಗಮ್ಮನನ್ನು ಕಂಡು ಕೈ ಚಾಚಿ ಕೂಗಿದ. ಅವಳು ತಿರುಗಲಿಲ್ಲ.

"ಹೆಸರು?" ಎಂದರು ಇವರು.

"ತಂಗಮ್ಮ."

ಇವರು ಮುಂದಿನದನ್ನು ಕೇಳದೆ ಬರೆದುಕೊಳ್ಳಲು ಹೊರಟಿದ್ದರು. ಅವಳೇ ಮುಂದುವರಿಸಿದಳು.

"ಎಲ್ಲಿಂದ ಬಂದೆ ಅಂತ ಕೇಳಿ ಸ್ವಾಮಿ. ನಾನು ಹೊಸಬಳು. ಹೋದ ವರ್ಷ ಇದ್ಳಲ್ಲ ತಂಗಮ್ಮ, ಅವಳು ಮಗಳ ಬಾಣಂತನಕ್ಕೆ ಸಿಲೋನಿಗೆ ಹೋದ್ಲು."

ಸಾಲಿನಲ್ಲಿ ಯಾರೂ ನಗಲಿಲ್ಲ. ಇವರು ತಲೆ ಎತ್ತದೆ ಬರೆದುಕೊಂಡು, ಮುಂದಿನವರನ್ನು ಕರೆದರು. ನಾನು ಕೂಸನ್ನು ಎತ್ತಿಕೊಂಡು ಒಳಗೆ ಬಂದೆ.