ಮುಂಗೈಗೆ ಕಟ್ಟಿದ ತಾಳಿ

“ಇಕಿ ಬಸರಿ ಅಲ್ರಿ ಡಾಕ್ಟರ. ಕೂಸು ನೋಡೋ ಮಷೀನ ಕುತಿಗಿಗೆ ಯಾಕ ಹಚ್ಚಾಕತ್ತೀರಿ?” ಎಂದು ನೆರೆಮನೆಯ ನೀಲವ್ವ ಗದರಿದಳು.

ಎಂಬತ್ತರ ದಶಕದ ಕೊನೆಯ ಮಾತು. ವಾಂತಿಭೇದಿಯಿಂದ ಬಳಲಿದ್ದ ಅವಳ ಸೊಸೆಯನ್ನು ಇಳಕಲ್‌ನಿಂದ ಬಾಗಲಕೋಟೆಯ ಆಸ್ಪತ್ರೆಗೆ ಕರೆತಂದಿದ್ದೆವು. ಕೈಕಾಲಿನ ನರ ಸಿಗದೆ ಸಲೈನ್ ಏರಿಸಲಾಗಿರಲಿಲ್ಲ. ತಡವಾದರೆ ಜೀವ ಉಳಿಯುವಂತಿರಲಿಲ್ಲ.

“ಕುತಿಗ್ಯಾಗಿನ ನರಾ ಹುಡುಕಾಕತ್ತೇನಬೇ. ತಾಳಿ ತಗಿ,” ಎಂದರು ವೈದ್ಯರು.

ಮುತ್ತೈದೆಯ ಕೊರಳು ಬರಿದಾಗಬಾರದೆಂದು ನೀಲವ್ವ ಹಟ ಹಿಡಿದಳು. ಕೊನೆಗೆ ತಾನೇ ತಾಳಿ ಬಿಚ್ಚಿ ಸೊಸೆಯ ಮುಂಗೈಗೆ ಕಟ್ಟಿದಳು. ಮಷೀನಿನ ಪರದೆಯ ಮೇಲೆ ಕೊರಳಿನ ಎರಡು ರಕ್ತನಾಳಗಳು ಕಪ್ಪು ದುಂಡುಗಳಾಗಿ ಮೂಡಿದವು. ಒತ್ತಿದಾಗ ಚಪ್ಪಟೆಯಾದದ್ದೇ ತಮಗೆ ಬೇಕಾದ ನರವೆಂದು ಗುರುತಿಸಿ ವೈದ್ಯರು ಅದಕ್ಕೆ ಸೂಜಿ ಚುಚ್ಚಿ, ತೆಳುವಾದ ನಳಿಕೆ ಇಳಿಸಿ ಸಲೈನ್ ಏರಿಸಿದರು.

ಸಂಜೆ ಸೊಸೆ ಕಣ್ಣು ತೆರೆದು ಕೊರಳು ಮುಟ್ಟಿಕೊಂಡಳು. “ಅತ್ತಿ, ತಾಳಿ ಎಲ್ಲೈತಿ?”

“ಕೈಯಾಗ ಐತಿ. ಸುಮ್ನ ಮಲಕೋ.”

ಆ ಮಷೀನಿನಲ್ಲಿ ಸೊಸೆಯ ಜೀವವನ್ನೇ ಕಂಡೆ ಎಂದು ನೀಲವ್ವ ಓಣಿಗೆಲ್ಲ ಹೇಳಿದಳು. ನಾನದನ್ನು ತಿದ್ದಲು ಹೋಗಲಿಲ್ಲ.