ರೇಷ್ಮೆ ಕಡ್ಡಿಯಲ್ಲಿ ಬಂಡೆ ಎಬ್ಬಿಸಿದ ಕೆಂಚಮ್ಮಕ್ಕ

ಕಬ್ಬಾಳಿನ ಹತ್ತಿರ ಅಪ್ಪಾಜಿಯವರ ಕಲ್ಲುಬಂಡೆಗೆ ನಾನು ಕೂಲಿಗೆ ಸೇರಿದ ಮೊದಲ ದಿನವೇ ಪೂಜೆ ನಡೆಯುತ್ತಿದೆ ಎಂದುಕೊಂಡೆ. ಬಂಡೆಯ ಮೇಲೆ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು, ಗುಂಡುಕಲ್ಲಿನಿಂದ ಎರಡು ಸಲ ತಟ್ಟಿ, ಬಗ್ಗಿ ಕಿವಿಗೊಟ್ಟು ಕಣ್ಣು ಮುಚ್ಚಿದ್ದಳು. ಸುತ್ತ ಬೂದಿ ಬೇರೆ. ಹೊಸ ಜಾಗ, ಹೊಸ ದೇವರು, ಮೊದಲೇ ನಡೆದುಕೊಂಡುಬಿಡೋಣ ಅಂತ ಚಪ್ಪಲಿ ಬಿಟ್ಟು ಕೈಮುಗಿದುಕೊಂಡು ಬಂಡೆ ಹತ್ತಿದೆ. ನಾಲ್ಕನೇ ಹೆಜ್ಜೆಗೆ ಭಕ್ತಿ ಅಂಗಾಲಿಗೆ ಇಳಿಯಿತು. ಅಲ್ಲಿ ಬೆಂಕಿ ಆರಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ನಾನು ಕುಣಿದ ಕುಣಿತಕ್ಕೆ ಜಲ್ಲಿ ಕುಟ್ಟುತ್ತಿದ್ದ ಐದು ಜನ ಹೆಂಗಸರು ಸುತ್ತಿಗೆ ಕೆಳಗಿಟ್ಟು ನಕ್ಕರು.

“ಏನ್ ಮಗಾ, ಹರಕೆನಾ?” ಅಂದಳು ಬಂಡೆಯ ಮೇಲಿದ್ದವಳು. “ಕೊಂಡ ಹಾಯೋದಾದ್ರೆ ಕಬ್ಬಾಳಮ್ಮನ ಗುಡಿ ಆ ಕಡೆ ಐತೆ.”

ಅವಳೇ ಕೆಂಚಮ್ಮಕ್ಕ. ಅವಳು ಮಾಡುತ್ತಿದ್ದುದು ಪೂಜೆಯಲ್ಲ, ಕದ್ದು ಕಲಿಯುವ ಕೆಲಸ. ನಮ್ಮ ಬಂಡೆಯಲ್ಲಿ ಚಪ್ಪಡಿ ಎಬ್ಬಿಸುವುದು ಬೆಂಕಿಯಿಂದ. ಬಂಡೆಯ ಮೇಲೆ ಉರಿ ಹಾಕಿ ನಿಧಾನವಾಗಿ ಕಾಯಿಸುತ್ತ ಹೋದರೆ ಮೇಲಿನ ಪದರ ಬುಡ ಬಿಟ್ಟು ಸಡಿಲವಾಗುತ್ತದೆ. ಎಲ್ಲಿಯವರೆಗೆ ಎದ್ದಿದೆ ಅಂತ ತಟ್ಟಿ, ಸದ್ದು ಕೇಳಿಯೇ ಹೇಳಬೇಕು. ಬೆಂಕಿ ಇಡುವುದು, ತಟ್ಟಿ ಕೇಳುವುದು ವಹಾಬಣ್ಣನ ಕೆಲಸ. ಬೂದಿ ಗುಡಿಸುವುದು, ಜಲ್ಲಿ ಕುಟ್ಟುವುದು ಹೆಂಗಸರ ಕೆಲಸ. ಕೂಲಿ ಗಂಡಸರದರಲ್ಲಿ ಅರ್ಧ. ವಹಾಬಣ್ಣ ಊಟಕ್ಕೆ ಕೂತಾಗಲೆಲ್ಲ ಕೆಂಚಮ್ಮಕ್ಕ ಗುಡಿಸುವ ನೆಪದಲ್ಲಿ ತಟ್ಟಿ ತಟ್ಟಿ ಕೇಳುತ್ತಿದ್ದಳು. ಹಾಗೆ ಹನ್ನೆರಡು ವರ್ಷ.

ನನಗೆ? ನನಗೆ ಮೊದಲ ದಿನದಿಂದಲೇ ಗಂಡಾಳಿನ ಕೂಲಿ. ಎಸ್ಸೆಸ್ಸೆಲ್ಸಿ ಎರಡು ಸಲ ಕಟ್ಟಿ ಎರಡು ಸಲವೂ ಲೆಕ್ಕದಲ್ಲಿ ಬಿದ್ದ ನಾನು ಮಾಡುತ್ತಿದ್ದುದು ನೀರು ಹೊರುವುದು, ಲಾರಿಗೆ ಜಲ್ಲಿ ತುಂಬುವಾಗ ಮಂಕರಿಯ ಇನ್ನೊಂದು ಬದಿ ಹಿಡಿಯುವುದು. ಭಾರವೆಲ್ಲ ಯಾವಾಗಲೂ ಕೆಂಚಮ್ಮಕ್ಕನ ಕಡೆಗೇ ಯಾಕೆ ಜಾರುತ್ತದೆ ಅನ್ನುವುದು ನನಗೆ ಬಹಳ ದಿನ ತಿಳಿಯಲಿಲ್ಲ.

ಅವಳದು ಕುರಿ ಸಾಕುವ ಮನೆತನ. ಮದುವೆಯಾದ ಮರುವರ್ಷ ರೋಗ ಬಂದು ಕುರಿಮಂದೆ ಹೋಯಿತು. ಗಂಡ ಉಳಿದ ಏಳು ಕುರಿ ಹೊಡೆದುಕೊಂಡು ಬೆಟ್ಟಕ್ಕೆ ಹೋದ, ಇವಳು ಸುತ್ತಿಗೆ ಹಿಡಿದು ಬಂಡೆಗೆ ಬಂದಳು. ಎರಡು ಮಕ್ಕಳನ್ನು ಹೊಂಗೆಮರಕ್ಕೆ ಕಟ್ಟಿದ ಸೀರೆಯಲ್ಲಿ ತೂಗಿದ್ದೂ ಇಲ್ಲೇ. ಎಡಗೈ ಹೆಬ್ಬೆರಳಿನ ಉಗುರು ಮೂರು ಸಲ ಹೋಗಿ ಮೂರು ಸಲ ಬಂದಿತ್ತು. ನಾಲ್ಕನೇ ಸಲ ಬರಲಿಲ್ಲ. “ಅದಕ್ಕೂ ಬೇಜಾರಾಗೈತೆ ಕಣಪ್ಪ, ಎಷ್ಟು ಸಲ ಬಂದಾತು ಪಾಪ,” ಅನ್ನುತ್ತಿದ್ದಳು.

ರೇಷ್ಮೆ ಗೂಡಿನ ರೇಟು ಏರಿ ಏರಿ ಹೋಗುತ್ತಿದ್ದ ವರ್ಷ ಅದು. ನಮ್ಮ ಕಡೆ ದುಡ್ಡು ಕಂಡವರೆಲ್ಲ ಮೊದಲು ಕಟ್ಟಿಸಿದ್ದು ಹುಳಕ್ಕೆ ಮನೆ, ಆಮೇಲೆ ತಮಗೆ. ಮರಳವಾಡಿಯ ಬೋರಲಿಂಗಯ್ಯನವರೂ ಹುಳದ ಮನೆಗೆ ಚಪ್ಪಡಿ ಕೇಳಿದ್ದರು. ಆಗಲೇ ವಹಾಬಣ್ಣ ರಾಮನಗರದಲ್ಲಿ ಬಾಮೈದನ ನೂಲು ತೆಗೆಯುವ ಕಾರ್ಖಾನೆಗೆ ಹೋಗಿಬಿಟ್ಟ. ಇನ್ನೊಬ್ಬನನ್ನು ಹುಡುಕಲು ಹದಿನೈದು ದಿನ ಬೇಕು ಅಂದರು ಅಪ್ಪಾಜಿ.

“ಮೊಟ್ಟೆ ತಂದು ಮಡಗಿವ್ನಿ ಸ್ವಾಮಿ,” ಅಂದರು ಬೋರಲಿಂಗಯ್ಯ. “ನಿಮ್ಮ ಆಳು ಬರೋಗಂಟ ಹೊರಗೆ ಬರಬ್ಯಾಡಿ ಅಂತ ಹುಳಕ್ಕೆ ಹೇಳಕಾಯ್ತದಾ?”

ಬೂದಿ ಗುಡಿಸುತ್ತಿದ್ದ ಕೆಂಚಮ್ಮಕ್ಕ ಪೊರಕೆ ಕೆಳಗಿಟ್ಟಳು. “ಬೆಂಕಿ ನಾನ್ ಇಡ್ತೀನಿ ಅಣ್ಣಾ. ಬಂಡೆ ಎದ್ರೆ ನಮ್ಮ ಆರು ಜನಕ್ಕೂ ಗಂಡಾಳ ಕೂಲಿ ಕೊಡ್ಬೇಕು.”

“ಒಡೆದೋದ್ರೆ?” ಅಂದರು ಅಪ್ಪಾಜಿ.

“ಒಡೆದೋದ್ರೆ ಇನ್ ಮ್ಯಾಕೆ ಜಲ್ಲಿ ಮುಂದೆ ಕೂತ್ಕಂಡು ಕೂಲಿ ಮಾತೇ ಎತ್ತಕಿಲ್ಲ.”

ಅಪ್ಪಾಜಿ ಬೋರಲಿಂಗಯ್ಯನವರ ಮುಖ ನೋಡಿ ಹೂಂ ಅಂದರು. ಅವಳು ದಿಮ್ಮಿ ಸೌದೆ ಬೇಡ ಅಂದಳು. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಬಿಡಿಸಿದ ಮೇಲೆ ಬೋರಲಿಂಗಯ್ಯನವರ ಹೊಲದ ಬದುವಿನಲ್ಲಿ ಒಟ್ಟಿದ್ದ ರೇಷ್ಮೆ ಕಡ್ಡಿ ಒಂದು ಟ್ರ್ಯಾಕ್ಟರ್ ಬೇಕು ಅಂದಳು.

“ಹುಳ ತಿಂದ್ಬುಟ್ಟಿದ್ದರಲ್ಲಿ ಬಂಡೆ ಎಬ್ಬುಸ್ತಾಳಂತೆ ಕಣ್ಲಾ!” ಅಂತ ಉಳಿ ಹಿಡಿದ ಗಂಡಸರು ನಕ್ಕರು. ನಾನೂ ನಕ್ಕೆ. ಗಂಡಾಳಲ್ಲವೇ.

ಮರುದಿನ ಬೆಳಗ್ಗೆ ಆರೂ ಜನ ಕಡ್ಡಿಯನ್ನು ಬಂಡೆಯ ಅಡ್ಡಕ್ಕೆ ಮೊಳದಗಲ ಸಾಲಾಗಿ ಜೋಡಿಸಿ ಹಚ್ಚಿದರು. ಉರಿ ಸಣ್ಣದು, ಆದರೆ ತುದಿಯಿಂದ ತುದಿಗೆ ಒಂದೇ ಸಮ. ಒಂದಿಷ್ಟು ಕಾದ ಮೇಲೆ ಬೆಂಕಿಯನ್ನು ಒಂದಡಿ ಮುಂದಕ್ಕೆ ತಳ್ಳುವುದು, ಹಿಂದೆ ತಟ್ಟಿ ನೋಡುವುದು. ಮಧ್ಯಾಹ್ನವಾದರೂ ಸದ್ದು ಠಣ್ ಠಣ್ ಎಂದೇ ಬರುತ್ತಿತ್ತು. ಅಂದರೆ ಬಂಡೆ ಅಲುಗಿಲ್ಲ.

“ನಾಕು ದಿಮ್ಮಿ ಎಸೀರಮ್ಮ,” ಅಂದರು ಅಪ್ಪಾಜಿ.

“ದಿಮ್ಮಿ ಹಾಕುದ್ರೆ ಒಂದೇ ಕಡೆ ಕಾದು ಬಿರುಕು ಬುಡ್ತದೆ. ಹೋದ ವರ್ಸ ಎರಡು ಚಪ್ಪಡಿ ಒಡೆದಿದ್ದು ಯಾಕಂದ್ಕಂಡ್ರಿ? ಬೂದಿ ಗುಡಿಸ್ದೋಳು ನಾನು, ದಿಮ್ಮಿ ಎಲ್ಲಿ ಉರಿದಿತ್ತು ಅಂತ ನಂಗೊತ್ತು.”

ಅಪ್ಪಾಜಿ ಬೀಡಿ ಹಚ್ಚಿಕೊಂಡರು. ಇಳಿಹೊತ್ತಿನಲ್ಲಿ ಅವಳು ನನಗೆ ಗುಂಡುಕಲ್ಲು ಎಸೆದಳು. “ಏ ಎಸ್ಸೆಸ್ಸೆಲ್ಸಿ, ಚಪ್ಪಲಿ ಹಾಕ್ಕಂಡು ಬಾ. ಆ ಕೊನೇಲಿ ತಟ್ಟು.”

ತಟ್ಟಿದೆ. ಖಾಲಿ ಗುಡಾಣದ ಸದ್ದು. ಮತ್ತೆ ತಟ್ಟಿದೆ. ನಾನೇ ಕಂಡುಹಿಡಿದವನಂತೆ “ಎದ್ದೈತೆ! ಎದ್ದೈತೆ!” ಅಂತ ಕೂಗಿಕೊಂಡೆ. ಲಾರಿಗಿಂತ ಉದ್ದದ ಕಲ್ಲಿನ ಹಾಳೆ, ಒಂದು ಗೀರೂ ಇಲ್ಲ. ಬೋರಲಿಂಗಯ್ಯ ಟವೆಲ್ ಮೇಲಕ್ಕೆಸೆದರು. ಅದು ಹೋಗಿ ಬೆಂಕಿಯಲ್ಲಿ ಬಿತ್ತು.

ಅಪ್ಪಾಜಿ ಗಂಟಲು ಸರಿಮಾಡಿಕೊಂಡರು. “ನಿಂಗೆ ಕೊಡ್ತೀನಿ ಕೆಂಚಮ್ಮ. ಮಿಕ್ಕ ಐದು ಜನಕ್ಕೆ ಒಸಿ ನೋಡಾನ.”

ಕೆಂಚಮ್ಮಕ್ಕ ಗುಂಡುಕಲ್ಲನ್ನು ಅವರ ಕೈಗೇ ಇಟ್ಟಳು. “ಸರಿ ಬುಡಿ. ನಾಳಿಂದ ನೀವೇ ತಟ್ಟಿ.”

ಅವರು ಕಲ್ಲನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಬೋರಲಿಂಗಯ್ಯನವರು ಮೊಟ್ಟೆಯ ಮಾತು ಮತ್ತೆ ತೆಗೆದರು. ಆ ವಾರದಿಂದ ಆರೂ ಜನಕ್ಕೆ ಗಂಡಾಳ ಕೂಲಿ.

ಆ ಹಾಳೆಯಿಂದ ಸೀಳಿದ ಕೊನೆಯ ಚಪ್ಪಡಿ ಲಾರಿಗೇರಿದ ದಿನ ಮರದಡಿ ಕೂತು ಮುದ್ದೆ ಉಣ್ಣುತ್ತಿದ್ದೆವು. ಎಷ್ಟೋ ದಿನದಿಂದ ಗಂಟಲಲ್ಲಿದ್ದುದನ್ನು ಕೇಳಿಯೇಬಿಟ್ಟೆ.

“ಅಕ್ಕಾ, ನಾನು ನಿನ್ನೆ ಮೊನ್ನೆ ಬಂದೋನು. ಅರ್ಧ ಕೆಲಸ ಮಾಡಿ ನಿಮಗಿಂತ ಎರಡರಷ್ಟು ಕೂಲಿ ತಗೊಂಡೆ. ನನ್ನ ಮ್ಯಾಲೆ ಸಿಟ್ಟಿರಲಿಲ್ವಾ?”

ಅವಳು ಮುದ್ದೆ ಮುರಿಯುವುದನ್ನು ನಿಲ್ಲಿಸಲೂ ಇಲ್ಲ.

“ಸಿಟ್ಟಿದ್ದಿದ್ದು ಅಪ್ಪಾಜಣ್ಣನ ಮ್ಯಾಲೆ ಕಣ್ ಮಗಾ. ನಿನ್ನ ನಾವು ಆಳು ಅಂತ ಲೆಕ್ಕಕ್ಕೇ ತಗಂಡಿರ್ನಿಲ್ಲ.”